ಅರ್ಧ ಅಂಕದ ಸಾವು

ನಮ್ಮ ನಾಮ್ ದಿನ್ ಊರಿನಲ್ಲಿ ನನ್ನ ಅಪ್ಪ ದಿನವೂ ಸಾಯುತ್ತಿದ್ದ. ಬೆಳಗಿನ ತರಗತಿಯಲ್ಲಿ ಒಂದಷ್ಟು ಸಲ, ಸಂಜೆಯ ತರಗತಿಯಲ್ಲಿ ಇನ್ನಷ್ಟು ಸಲ. ಪರೀಕ್ಷೆ ಹತ್ತಿರ ಬಂತೆಂದರೆ ಬಸ್ಸಿನಲ್ಲಿ, ಸ್ಕೂಟರಿನ ಮೇಲೆ, ಬಚ್ಚಲುಮನೆಯಲ್ಲಿ ಕೂಡ. ಸಾಯಿಸುತ್ತಿದ್ದವರು ನನ್ನ ವಿದ್ಯಾರ್ಥಿಗಳು. ಹೇಗೆ ಸಾಯಿಸಬೇಕೆಂದು ಹೇಳಿಕೊಟ್ಟವಳು ನಾನು, ಅದೂ ಸಂಬಳ ತೆಗೆದುಕೊಂಡು.

ನಾನು ಲುವಾ. ಬಟ್ಟೆ ಗಿರಣಿಯ ಹಳೇ ಗೇಟಿನ ಎದುರಿಗಿರುವ ಇಂಗ್ಲಿಷ್ ಕೇಂದ್ರದಲ್ಲಿ ಮೇಡಂ. ಪರದೇಶಕ್ಕೆ ಓದಲು, ದುಡಿಯಲು ಹೋಗುವವರು ಬರೆಯುವ ಒಂದು ಪರೀಕ್ಷೆ ಇದೆಯಲ್ಲ, ಅದಕ್ಕೆ ತಯಾರು ಮಾಡುವುದು ನಮ್ಮ ಕಸುಬು. ನನ್ನ ಪಾಲಿಗೆ ಬಂದಿರುವುದು ಪದಗಳ ಜೋಡಿ. ಇಂಗ್ಲಿಷಿನಲ್ಲಿ ಮಳೆಗೆ ಭಾರ ಇರುತ್ತದೆ, ಚಹಾಕ್ಕೆ ಬಲ ಇರುತ್ತದೆ. ಮಳೆಗೆ ಬಲ ಕೊಟ್ಟು ಚಹಾಕ್ಕೆ ಭಾರ ಹೊರಿಸಿದಿರೋ, ಅರ್ಥವೇನೋ ಆಗುತ್ತದೆ, ಅಂಕ ಮಾತ್ರ ಬರುವುದಿಲ್ಲ. ಯಾವ ಪದದ ಪಕ್ಕದಲ್ಲಿ ಯಾವ ಪದ ಕೂರುತ್ತದೆ, ಯಾವುದಕ್ಕೆ ಯಾವುದನ್ನು ಕಂಡರೆ ಆಗುವುದಿಲ್ಲ, ಇದನ್ನೆಲ್ಲ ಹುಡುಕಿ ಹುಡುಕಿ ಮಕ್ಕಳ ತಲೆಗೆ ತುಂಬುತ್ತೇನೆ. ಮದುವೆ ದಲ್ಲಾಳಿಯ ಕೆಲಸವೇ ಅನ್ನಿ. "ಪದಗಳಿಗೆಲ್ಲ ಜೋಡಿ ನೋಡ್ತೀಯ, ನಿನಗೊಂದು ನೋಡ್ಕೊಳ್ಳೋಕೆ ಆಗಲಿಲ್ವಲ್ಲೇ" ಎಂದು ಅಪ್ಪ ಮನಸ್ಸಾದಾಗಲೆಲ್ಲ ಕೆಣಕುತ್ತಾನೆ.

ಆ ಪರೀಕ್ಷೆಯಲ್ಲಿ ಒಂದು ವಿಷಯ ಕೊಟ್ಟು ಎರಡು ನಿಮಿಷ ಮಾತಾಡಿ ಎನ್ನುತ್ತಾರೆ. ನಿಮ್ಮ ಮೇಲೆ ಪ್ರಭಾವ ಬೀರಿದ ಹಿರಿಯರ ಬಗ್ಗೆ ಹೇಳಿ ಎನ್ನುವುದು ತಿರುಗಾಮುರುಗಾ ಬರುವ ವಿಷಯ. ಅದಕ್ಕೊಂದು ಮಾದರಿ ಉತ್ತರ ಬರೆದುಕೊಡಿ ಎಂದು ನಿರ್ದೇಶಕ ಬಾಂಗ್ ಸರ್ ಹೇಳಿದಾಗ, ಕೈಗೆ ಸಿಕ್ಕಿದ ಹಿರಿಯನೆಂದರೆ ಅಪ್ಪನೇ. ಗಿರಣಿಯ ಮಗ್ಗಗಳನ್ನು ರಿಪೇರಿ ಮಾಡುತ್ತಿದ್ದವನು, ಮಗ್ಗಕ್ಕೆ ಸಿಕ್ಕಿ ಎಡಗೈ ಹೆಬ್ಬೆರಳಿನ ಉಗುರು ಕಳೆದುಕೊಂಡವನು, ನಿವೃತ್ತನಾದ ಮೇಲೆ ಕೇಂದ್ರದ ಪಕ್ಕದ ಕಾಡುಬಾದಾಮಿ ಮರದಡಿ ಐಸು ಹಾಕಿದ ಚಹಾ ಮಾರುತ್ತ, ಬೀದಿಯವರ ಕೆಟ್ಟ ರೇಡಿಯೋಗಳನ್ನು ಪುಕ್ಕಟೆ ಸರಿಮಾಡಿಕೊಡುವವನು. ಮಕ್ಕಳ ಬಾಯಿಗೆ ಹೊಂದಲೆಂದು ಅಪ್ಪನನ್ನು ತಾತ ಮಾಡಿ ಎಲ್ಲವನ್ನೂ ಬರೆದೆ. ಬಾಂಗ್ ಸರ್ ಓದಿ, "ಚೆನ್ನಾಗಿದೆ, ಆದ್ರೆ ಒಂದು ಕಡೆ ಸಪ್ಪೆ. ಕೊನೆಗೆ ಸಾಯಿಸಿಬಿಡಿ" ಎಂದರು. ಸಾಯಿಸಿದೆ. ಸಾವಿಗೆ ಇಂಗ್ಲಿಷಿನಲ್ಲಿ ಎಂಥೆಂಥ ಜೋಡಿಗಳಿವೆ ಗೊತ್ತೇ? ಉಸಿರು ಕೊನೆಯದಾಗುತ್ತದೆ, ಶೂನ್ಯ ತುಂಬಲಾರದ್ದಾಗುತ್ತದೆ, ಋಣ ತೀರಿಸಲಾರದ್ದಾಗುತ್ತದೆ. ಒಂದೇ ಸಾಲಿನಲ್ಲಿ ಮೂರನ್ನೂ ಕೂರಿಸಿದೆ. ಒಂಬತ್ತಕ್ಕೆ ಅಂಕ ಕೊಡುವ ಆ ಪರೀಕ್ಷೆಯಲ್ಲಿ ಆ ತಿಂಗಳಿಂದ ನಮ್ಮ ಮಕ್ಕಳಿಗೆ ಅರ್ಧ ಅಂಕ ಹೆಚ್ಚು ಬರತೊಡಗಿತು. ಬಾಂಗ್ ಸರ್ ಗೋಡೆಗೆ ಬ್ಯಾನರ್ ಕಟ್ಟಿಸಿದರು.

ಎಷ್ಟೋ ಕಾಲ ಎಲ್ಲ ಸುಸೂತ್ರವಾಗಿ ನಡೆಯಿತು. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಅವನ ಅಂಗಡಿಯ ಕುಳ್ಳ ಸ್ಟೂಲುಗಳ ಮೇಲೆ ಕೂತು, ಅವನ ಚಹಾವನ್ನೇ ಕುಡಿಯುತ್ತ, ಮಕ್ಕಳು ಅವನನ್ನು ಗಟ್ಟಿಯಾಗಿ ಸಾಯಿಸುತ್ತಿದ್ದರೆ, "ಎಷ್ಟು ಶ್ರದ್ಧೆಯಿಂದ ಓದ್ತಾವೆ ಪಾಪ" ಎಂದು ಇನ್ನೊಂದು ಚೂರು ಐಸು ಹಾಕಿಕೊಡುತ್ತಿದ್ದ.

ಕೆಡಿಸಿದವಳು ಮಿಯೆನ್. ಐರ್ಲೆಂಡಿಗೆ ನರ್ಸಿಂಗ್ ಓದಲು ಹೋಗಬೇಕೆಂದಿದ್ದ, ಬಾಯಿಗೆ ಬೀಗವಿಲ್ಲದ ಹುಡುಗಿ. ಅವಳೇ ಆಮೇಲೆ ನನಗೆ ಅಳುತ್ತ ಒಪ್ಪಿಸಿದ್ದು ಹೀಗೆ. ಅವಳು ಕಣ್ಣು ಮುಚ್ಚಿ ಬಾಯಿಪಾಠ ಮಾಡುತ್ತಿದ್ದಾಗ ಅಪ್ಪ ಕೇಳಿದನಂತೆ:

"ಏನಮ್ಮಾ ಅದು, ಮಂತ್ರ ಹೇಳ್ದಂಗೆ ಹೇಳ್ತಿದ್ದೀಯ?"

"ತಾತನ ಬಗ್ಗೆ, ತಾತ."

"ನಿಮ್ಮ ತಾತನಾ?"

"ಅಯ್ಯೋ ಅಲ್ಲ. ನಮ್ಮ ತಾತ ಬರೀ ಇಸ್ಪೀಟು ಆಡ್ಕೊಂಡಿದ್ರು, ಅವರಿಗೆಲ್ಲಿ ಅಂಕ ಕೊಡ್ತಾರೆ? ಇದು ಮೇಡಂ ಕೊಟ್ಟಿರೋ ತಾತ. ಗಿರಣೀಲಿ ಕೆಲಸ ಮಾಡ್ತಿದ್ರು. ಹೆಬ್ಬೆರಳಿಗೆ ಉಗುರಿರಲ್ಲ. ಎಲ್ಲರ ರೇಡಿಯೋ ರಿಪೇರಿ ಮಾಡ್ಕೊಡ್ತಾರೆ. ಬಹಳ ಒಳ್ಳೆಯವರು."

ಅಪ್ಪ ತನ್ನ ಹೆಬ್ಬೆರಳು ನೋಡಿಕೊಂಡನಂತೆ.

"ಆಮೇಲೆ?"

"ಆಮೇಲೆ ಸಾಯ್ತಾರೆ."

"ಯಾವಾಗ?"

"ಒಂದೂವರೆ ನಿಮಿಷ ಆದ್ಮೇಲೆ."

ಬೇರೆ ಸಮಯದಲ್ಲಾಗಿದ್ದರೆ ಅಪ್ಪ ನಕ್ಕುಬಿಡುತ್ತಿದ್ದನೇನೋ. ಆದರೆ ಅವನ ಪಿತ್ತಕೋಶದಲ್ಲಿ ಕಲ್ಲುಗಳಾಗಿದ್ದವು. ಎರಡು ಸಲ ನೋವು ಬಂದು ನೆಲದ ಮೇಲೆ ಉರುಳಾಡಿದ್ದ. ಇನ್ನೊಮ್ಮೆ ಬಂದರೆ ಕೀವಾಗಿ ಒಡೆಯಬಹುದು, ಆಗ ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಹೇಳಿ, ಬರುವ ಶನಿವಾರ ಆಪರೇಷನ್ ಎಂದು ಗೊತ್ತುಮಾಡಿದ್ದರು. ಸಾಲದ್ದಕ್ಕೆ ಅಪ್ಪ ಹುಟ್ಟಿದ್ದು ಹಾವಿನ ವರ್ಷದಲ್ಲಿ, ಈ ವರ್ಷವೂ ಹಾವಿನದೇ. ನಮ್ಮಲ್ಲಿ ವರ್ಷಕ್ಕೊಂದು ಪ್ರಾಣಿ; ಹನ್ನೆರಡು ವರ್ಷಕ್ಕೊಮ್ಮೆ ತನ್ನ ಪ್ರಾಣಿಯ ವರ್ಷ ತಿರುಗಿ ಬಂದಾಗ ನಮ್ಮವರು ಹೊಸ ಮನೆ ಕಟ್ಟುವುದಿಲ್ಲ, ಹೊಸ ಸ್ಕೂಟರು ಕೊಳ್ಳುವುದಿಲ್ಲ, ಮನೆಯಲ್ಲಿ ಸಾವು ಎನ್ನುವ ಪದವನ್ನೇ ಎತ್ತುವುದಿಲ್ಲ. ಅಪ್ಪ ಅದನ್ನೆಲ್ಲ ಅಚ್ಚುಕಟ್ಟಾಗಿ ಪಾಲಿಸಿಕೊಂಡು ಬಂದಿದ್ದ. ಈಗ ನೋಡಿದರೆ ಅವನ ಅಂಗಡಿಯ ಮುಂದೆಯೇ ಇದು ನಡೆದಿದೆ.

ನಾನು ಮನೆಗೆ ಬಂದಾಗ ಅನ್ನದ ಬಟ್ಟಲು ಮುಚ್ಚಿದ ಹಾಗೇ ಇತ್ತು. ಅಪ್ಪ ಅಮ್ಮನ ಫೋಟೋ ಇಟ್ಟಿರುವ ಪೂಜಾ ಕಪಾಟಿನ ಕೆಳಗೆ ಕೂತಿದ್ದ.

"ನಾನು ಸತ್ತು ಎಷ್ಟು ವರ್ಷ ಆಯ್ತು?" ಎಂದ.

ನನಗೆ ಅರ್ಥವಾಗಿ ಹೋಯಿತು. "ಅಪ್ಪ, ಅದು ಪರೀಕ್ಷೆಗೆ ಬರೆದದ್ದು."

"ಪರೀಕ್ಷೆಗೆ ನಿಮ್ಮ ಬಾಂಗ್‌ನ ಸಾಯಿಸ್ಬೇಕಿತ್ತು. ಕೊಬ್ಬಿಕೊಂಡು ಓಡಾಡ್ತಿದ್ದಾನೆ."

"ಇಂಗ್ಲಿಷಲ್ಲಿ ಹೇಳಿದ್ರೆ ಏನಪ್ಪಾ ಆಗುತ್ತೆ?"

"ಯಮನ ಕಚೇರೀಲಿ ಇಂಗ್ಲಿಷ್ ಬಲ್ಲವರು ಯಾರೂ ಇಲ್ಲ ಅಂತ ನಿನಗೆ ಯಾರು ಹೇಳಿದ್ದು? ನೀನೇ ಅಲ್ವೇ ಅಷ್ಟು ಜನಕ್ಕೆ ಕಲಿಸಿ ಕಳಿಸಿರೋದು?" ಎಂದು ಅಪ್ಪ ದನಿ ಏರಿಸಿದ. "ಊರಿಗೂರೇ ನಾನು ಸತ್ತೆ ಸತ್ತೆ ಅಂತ ಜಪ ಮಾಡ್ತಿರ್ಬೇಕಾದ್ರೆ ನಾನು ಹೋಗಿ ಕತ್ತರಿ ಕೆಳಗೆ ಮಲಗ್ಲಾ? ಮೊದ್ಲು ನನ್ನ ಬದುಕಿಸು. ಆಮೇಲೆ ಆಸ್ಪತ್ರೆ."

ನನಗೆ ಇಂಥದ್ದರಲ್ಲಿ ಕಾಸಿನಷ್ಟೂ ನಂಬಿಕೆಯಿಲ್ಲ. ಆದರೆ ಅಪ್ಪನ ಹಟದಲ್ಲಿ ಪೂರ್ತಿ ನಂಬಿಕೆ ಇದೆ. ಅಮ್ಮ ತೀರಿಕೊಂಡ ವರ್ಷ, ಆಸ್ಪತ್ರೆಯವರು ಅವಳ ಚಪ್ಪಲಿ ಕಳೆದುಹಾಕಿದರೆಂದು ಅದು ಸಿಗುವವರೆಗೆ ಬಾಗಿಲಲ್ಲೇ ಕೂತವನು ಅವನು. ಅವನು ಹೋಗುವುದಿಲ್ಲ ಎಂದರೆ ಹೋಗುವುದಿಲ್ಲ, ಹೊಟ್ಟೆಯೊಳಗಿನ ಕಲ್ಲು ಅದರ ಪಾಡಿಗೆ ಅದು ಕಾಯುವುದೂ ಇಲ್ಲ. ನನಗೆ ಹೆದರಿಕೆಯಾಯಿತು, ಸಿಟ್ಟೂ ಬಂತು.

ಮಾರನೆಯ ದಿನ ಬಾಂಗ್ ಸರ್ ಮುಂದೆ ನಿಂತೆ.

"ಶನಿವಾರ ಪರೀಕ್ಷೆ ಇಟ್ಕೊಂಡು ಈಗ ಬದಲಾಯಿಸೋದಾ?" ಎಂದರು. "ಸಾವು ತೆಗೆದ್ರೆ ಅರ್ಧ ಅಂಕ ಹೋಯ್ತು ಅಂತ್ಲೇ ಲೆಕ್ಕ. ಅರ್ಧ ಅಂಕ ಅಂದ್ರೆ ಕೆಲವ್ರಿಗೆ ವೀಸಾ."

"ನಮ್ಮಪ್ಪ ಆಪರೇಷನ್‌ಗೆ ಬರಲ್ಲ ಅಂತಿದ್ದಾನೆ ಸರ್."

ಅವರು ಕೆಟ್ಟವರಲ್ಲ. ಸ್ವಲ್ಪ ಯೋಚಿಸಿ, "ಸಾಯಿಸ್ಬೇಡಿ ಹಾಗಾದ್ರೆ. ಕಾಲು ಮುರೀರಿ" ಎಂದರು.

ಕಸುಬಿನವಳು ನಾನು, ಸುಳ್ಳು ಹೇಳಲಾಗಲಿಲ್ಲ. "ಕಾಲು ಮುರಿಯೋದಕ್ಕೆ ಅಷ್ಟು ಒಳ್ಳೇ ಜೋಡಿಗಳಿಲ್ಲ ಸರ್. ನಿಮ್ಮ ಅಪ್ಪನ್ನ ಹಾಕೋಣ್ವಾ?"

"ರೀ, ನಮ್ಮಪ್ಪ ಇನ್ನೂ ಇದ್ದಾರೆ!"

"ನಮ್ಮಪ್ಪನೂ ಇದ್ದಾನಲ್ಲ ಸರ್."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ, ಮಕ್ಕಳು ಒಪ್ಪಿದರೆ ತನ್ನದೇನೂ ಅಡ್ಡಿಯಿಲ್ಲವೆಂದು ಜವಾಬ್ದಾರಿಯನ್ನು ನನ್ನ ತಲೆಗೆ ಕಟ್ಟಿ ಊಟಕ್ಕೆ ಹೋದರು.

ಮಕ್ಕಳು ಒಪ್ಪಲಿಲ್ಲ. ಅಳುವುದೊಂದು ಬಾಕಿ. ನಾವು ನಮ್ಮ ತಾತನನ್ನು ಮರೆತು ನಿಮ್ಮ ತಾತನನ್ನು ಕಲಿತಿದ್ದೇವೆ, ಈಗ ಅವರೂ ಬೇಡವೆಂದರೆ ನಾವು ಯಾರಿಗೆ ಹುಟ್ಟಿದವರು ಮೇಡಂ ಎಂದು ಒಬ್ಬ ಕೇಳಿದ. ಸತ್ತಿರುವ ಸ್ವಂತ ಹಿರಿಯರು ಯಾರಾದರೂ ಇದ್ದರೆ ಎರವಲು ಕೊಡಿ ಎಂದೆ. ಎಲ್ಲರೂ ಪುಸ್ತಕಕ್ಕೆ ತಲೆ ಬಗ್ಗಿಸಿದರು. ಮನೆಯ ಹಿರಿಯರನ್ನು ಹಾಗೆ ಕೇಳದೆ ಊರವರ ಬಾಯಿಗೆ ಕೊಡಲಾದೀತೇ? ಅವರು ಕಪಾಟಿನ ಮೇಲಿಂದ ನೋಡುತ್ತಿರುತ್ತಾರೆ.

ದಾರಿ ತೋರಿಸಿದವನು ಅಪ್ಪನೇ. ಗಂಜಿ ಕಲಸುತ್ತ ಹೇಳಿದ: "ನಿಮ್ಮಮ್ಮನ್ನ ಹಾಕು. ಹೇಗೂ ಸತ್ತಿದ್ದಾಳೆ. ಅವಳಿಗೆ ಹೊಸದಾಗಿ ಆಗೋ ನಷ್ಟ ಏನಿದೆ? ಆದ್ರೆ ಕೇಳಿ ಹಾಕು. ಇಲ್ದಿದ್ರೆ ಅವಳ ಬಾಯಿಗೆ ಯಾರು ಸಿಕ್ಕೋರು?"

ಕೇಳುವುದು ಹೇಗೆಂದರೆ, ಊದುಬತ್ತಿ ಹಚ್ಚಿ, ವಿಷಯ ಹೇಳಿ, ಒಂದು ಬದಿಗೆ ಸುಣ್ಣ ಬಳಿದ ಎರಡು ಹಳೇ ಕಪ್ಪು ನಾಣ್ಯಗಳನ್ನು ತಟ್ಟೆಯಲ್ಲಿ ಹಾರಿಸುವುದು. ಒಂದು ಬಿಳಿ ಒಂದು ಕಪ್ಪು ಬಿದ್ದರೆ ಒಪ್ಪಿದರು. ಎರಡೂ ಕಪ್ಪಾದರೆ ಇಲ್ಲ. ಎರಡೂ ಬಿಳಿಯಾದರೆ ಸತ್ತವರು ನಗುತ್ತಿದ್ದಾರೆ ಎಂದರ್ಥ, ಮತ್ತೆ ಕೇಳಬೇಕು. ನಾನು ಹಳೆಯ ಉತ್ತರದಲ್ಲೇ ತಾತ ಇದ್ದಲ್ಲಿ ಅಜ್ಜಿ ಎಂದು ತಿದ್ದಿ, ರೇಡಿಯೋ ಇದ್ದಲ್ಲಿ ಹೊಲಿಗೆ ಹಾಕಿ, ಮೆಲುದನಿಯ ತಾಳ್ಮೆಯ ಹೆಂಗಸು ಎಂದು ಬರೆದು ತಂದಿದ್ದೆ. ಅಪ್ಪ ನಾಣ್ಯ ಹಾರಿಸಿದ. ಎರಡೂ ಬಿಳಿ. ಮತ್ತೆ ಹಾರಿಸಿದ. ಮತ್ತೆ ಬಿಳಿ.

"ನಗ್ತಿದ್ದಾಳೆ" ಎಂದ ಅಪ್ಪ. "ಏನು ಬರ್ದಿದ್ದೀಯ, ಓದು ನೋಡೋಣ."

ನಮ್ಮ ಭಾಷೆಯಲ್ಲಿ ಹೇಳಿದೆ. ಮೆಲುದನಿ ಎನ್ನುತ್ತಲೇ ಅಪ್ಪನಿಗೂ ನಗು ಉಕ್ಕಿ, ಹೊಟ್ಟೆ ಹಿಡಿದುಕೊಂಡು ನರಳಿದ.

ಅಮ್ಮ ಸೆನ್ ಗಿರಣಿಯ ನೂಲುವ ವಿಭಾಗದವಳು. ಯಂತ್ರಗಳ ಸದ್ದಿನಲ್ಲಿ ಮಾತಾಡಿ ಅಭ್ಯಾಸವಾದವಳಿಗೆ ದನಿ ತಗ್ಗಿಸುವುದೇ ಗೊತ್ತಿರಲಿಲ್ಲ. ಬಾಲ್ಕನಿಯಿಂದ ಅಪ್ಪನನ್ನು ಊಟಕ್ಕೆ ಕರೆದರೆ ಬೀದಿಯ ಗಂಡಸರೆಲ್ಲ ಎದ್ದು ಮನೆಗೆ ಹೋಗುತ್ತಿದ್ದರು. ಶಾಂತವಾಗಿ ಕೊನೆಯುಸಿರೆಳೆಯಲೂ ಇಲ್ಲ, ಪಕ್ಕದ ಹಾಸಿಗೆಯವಳ ಜೊತೆ ಫ್ಯಾನಿನ ವಿಷಯಕ್ಕೆ ಜಗಳವಾಡಿ, ಗೆದ್ದು, ಅದರ ಗಾಳಿಯಲ್ಲಿ ಹೋದಳು. ಇದನ್ನೆಲ್ಲ ಇಂಗ್ಲಿಷಿನಲ್ಲಿ ಬರೆಯಲು ಕೂತರೆ ನಾನು ವರ್ಷಗಳಿಂದ ಕೂಡಿಟ್ಟ ಒಂದು ಜೋಡಿಯೂ ಅವಳ ಮೈಗೆ ಹೊಂದಲಿಲ್ಲ. ತಾಯಿ ಎನ್ನುವ ಪದದ ಪಕ್ಕ ಆ ಭಾಷೆಯಲ್ಲಿ ಮೊದಲೇ ಕಾದು ಕೂತಿರುವ ಪದಗಳು ಬೇರೆ ಯಾವಳನ್ನೋ ವರ್ಣಿಸುತ್ತವೆ. ಕೊನೆಗೆ ಸಣ್ಣ ಸಣ್ಣ ಒಣ ವಾಕ್ಯಗಳಲ್ಲಿ ಆದಷ್ಟು ಬರೆದೆ. ಸಾವಿನ ಸಾಲನ್ನು ಮಾತ್ರ ಅಂಕದ ದೃಷ್ಟಿಯಿಂದ ಹಾಗೇ ಬಿಟ್ಟೆ. ಅಷ್ಟು ಸುಳ್ಳಿಗೆ ಅಮ್ಮ ಕ್ಷಮಿಸಬೇಕು.

ಅಪ್ಪ ಮೂರನೆಯ ಸಲ ನಾಣ್ಯ ಹಾರಿಸಿದ. ನಾನು ಊದುಬತ್ತಿಯ ಬೂದಿ ಕೊಡವಲು ತಿರುಗಿದವಳು, ಕಪಾಟಿನ ಗಾಜಿನಲ್ಲಿ ನೋಡಿದೆ. ನಾಣ್ಯಗಳು ಮತ್ತೆ ಎರಡೂ ಬಿಳಿಯೇ ಬಿದ್ದಿದ್ದವು. ಅಪ್ಪ ಆಚೀಚೆ ನೋಡಿ, ಉಗುರಿಲ್ಲದ ಹೆಬ್ಬೆರಳಿನಿಂದ ಒಂದನ್ನು ಮೆಲ್ಲಗೆ ಮಗುಚಿದ.

"ಒಪ್ಪಿದ್ಲು" ಎಂದ.

ನಾನು ನೋಡಿಲ್ಲ ಎನ್ನುವಂತೆ ಕೈ ಮುಗಿದೆ. ಯಮನಿಗೆ ಹೆದರುವವನಿಗೆ ಹೆಂಡತಿಗೆ ಮೋಸ ಮಾಡಲು ಹೆದರಿಕೆಯಾಗಲಿಲ್ಲ. ಅವನಿಗೂ ನೋವು ಸಾಕಾಗಿತ್ತು, ಆಸ್ಪತ್ರೆಗೆ ಹೋಗಲು ಒಂದು ಮರ್ಯಾದೆಯ ದಾರಿ ಬೇಕಾಗಿತ್ತು. ಸದ್ಯ, ಬರುತ್ತಾನಲ್ಲ ಎಂದು ನನಗೆ ಎದೆ ಹಗುರಾಯಿತು.

ಉಳಿದ ದಿನಗಳಲ್ಲಿ ಮಕ್ಕಳು ನನ್ನನ್ನು ಶಪಿಸುತ್ತ ಅಮ್ಮನನ್ನು ಬಾಯಿಪಾಠ ಮಾಡಿದರು. ಅಪ್ಪ ಅಂಗಡಿಯಲ್ಲಿ ಕಾವಲು ಕೂತ. ಯಾರಾದರೂ ರೂಢಿಯಿಂದ ಹಳೇ ಉತ್ತರ ಶುರು ಮಾಡಿದರೆ, ರೇಡಿಯೋ ಎನ್ನುವ ಪದ ಕಿವಿಗೆ ಬಿದ್ದ ಕೂಡಲೇ, "ಏಯ್, ನಿಲ್ಸು! ನಾನು ಬದುಕಿದ್ದೀನಿ" ಎಂದು ಚಹಾದ ಲೋಟ ಕಿತ್ತುಕೊಳ್ಳುತ್ತಿದ್ದ.

ಶನಿವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವನಿಗೆ ಹಸಿರು ಅಂಗಿ ತೊಡಿಸಿ ಗಾಲಿಮಂಚದ ಮೇಲೆ ಮಲಗಿಸಿದರು. ಅಷ್ಟರಲ್ಲಿ ಮಿಯೆನ್ ಫೋನ್ ಮಾಡಿದಳು. ಪರೀಕ್ಷೆ ನಡೆಯುವ ಹೋಟೆಲಿನ ಮೆಟ್ಟಿಲ ಮೇಲಿದ್ದಳು.

"ಮೇಡಂ, ಎರಡೂ ಕಲಸಿಹೋಗ್ತಿವೆ. ಒಳಗೆ ಹೋದ್ರೆ ಇಬ್ಬರನ್ನೂ ಸಾಯಿಸಿಬಿಡ್ತೀನೇನೋ ಅಂತ ಭಯ."

ಅಪ್ಪ ಕೈ ಚಾಚಿ ಫೋನ್ ಕಸಿದುಕೊಂಡ. "ನೋಡು ಮಗಾ, ನಾನು ಇನ್ನೇನು ಒಳಗೆ ಹೋಗ್ತಿದ್ದೀನಿ. ನೀನೂ ಹೋಗ್ತಿದ್ದೀಯ. ಅಜ್ಜೀನ ಮಾತ್ರ ಸಾಯಿಸು. ಗೊತ್ತಾಯ್ತಾ? ನನ್ನ ತಂಟೆಗೆ ಬರ್ಬೇಡ. ಹೋಗ್ಬಾ, ಒಳ್ಳೇದಾಗ್ಲಿ."

ಫೋನ್ ಹಿಂದಿರುಗಿಸಿದ. ಆಮೇಲೆ ಕೇಳಿದ: "ಆ ಹಳೇದ್ರಲ್ಲಿ ನನ್ನ ಬಗ್ಗೆ ಏನು ಬರ್ದಿದ್ದೆ? ಸಾಯೋ ಸಾಲು ಬಿಡು. ಅದಕ್ಕಿಂತ ಮುಂಚಿಂದು."

"ಈಗ ಯಾಕಪ್ಪ?"

"ಅಷ್ಟೊಂದು ಮಕ್ಕಳಿಗೆ ಗೊತ್ತು, ನನಗೇ ಗೊತ್ತಿಲ್ಲ. ನಮ್ಮ ಭಾಷೇಲಿ ಹೇಳು."

ಹೇಳಲು ಬಾಯಿ ತೆರೆದೆ. ಇಂಗ್ಲಿಷಿನಲ್ಲಿ ನಾಲಿಗೆಯ ತುದಿಯಲ್ಲಿದ್ದ ಸಾಲುಗಳು. ನನ್ನ ಬದುಕನ್ನು ರೂಪಿಸಿದವನು, ನನ್ನ ಮೇಲೆ ಅಳಿಸಲಾರದ ಗುರುತು ಬಿಟ್ಟವನು. ಬರೆಯುವಾಗ ಪರೀಕ್ಷಕರಿಗೆ ಹಿಡಿಸಲೆಂದೇ ಆರಿಸಿದ್ದೆ, ಆದರೆ ಒಂದೂ ಸುಳ್ಳಾಗಿರಲಿಲ್ಲ. ನಮ್ಮ ಭಾಷೆಗೆ ತಂದರೆ ಮಾತ್ರ ಅಪ್ಪ ಎನ್ನುವ ಪದದ ಪಕ್ಕದಲ್ಲಿ ಅವು ಕೂರಲೇ ಇಲ್ಲ, ಬಾಡಿಗೆ ಕೋಟು ಹಾಕಿಕೊಂಡವರ ಹಾಗೆ ನಿಂತೇ ಇದ್ದವು. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಇಂಥ ಮಾತು ಆಡಿದವರಲ್ಲ. ಆದರೂ ಅವನು ಕಾಯುತ್ತಿದ್ದ.

"ಅಪ್ಪ, ನಿನ್ನ ಋಣ ನಾನು ಈ ಜನ್ಮದಲ್ಲಿ..."

"ತಡಿ ತಡಿ ತಡಿ" ಎಂದು ಅಪ್ಪ ಗಾಬರಿಯಿಂದ ಎದ್ದು ಕೂರಲು ನೋಡಿದ. "ಇದು ಶವಪೆಟ್ಟಿಗೆ ಮುಂದೆ ಹೇಳೋ ಮಾತು. ನಿಮ್ಮ ಚಿಕ್ಕಪ್ಪನ ಪೆಟ್ಟಿಗೆ ಮುಂದೆ ಅವನ ಮಗ ಇದನ್ನೇ ಓದಿದ್ದು. ಆ ದರಿದ್ರ ಮಾತು ಬೇಡ. ದಿನಾ ಹೇಳೋದು ಹೇಳು."

"ದಿನಾ ಏನು ಹೇಳ್ತೀನಿ?"

"ನಿನಗೇ ಗೊತ್ತು."

ಗೊತ್ತಿತ್ತು. ನನಗೆ ಅಳು ಬರುತ್ತಿತ್ತು, ಅದರ ಜೊತೆಗೇ ಮಾತೂ ಬಂತು.

"ದಿನಾ ಏನು ಹೇಳ್ಲಿ ನಿನಗೆ? ಒಂದು ಮಾತು ಕೇಳ್ತೀಯಾ ನೀನು? ಹಂದಿ ಕೊಬ್ಬು ತಿನ್ಬೇಡ ಅಂತ ಬಡ್ಕೊಂಡೆ, ಕದ್ದು ತಿಂದೆ. ಮೊದಲ್ನೇ ಸಲ ನೋವು ಬಂದಾಗ್ಲೇ ಆಸ್ಪತ್ರೆಗೆ ಬಾ ಅಂದೆ, ಬರೀ ಹೊಟ್ಟೆ ಗಾಳಿ ಕಣೇ ಅಂತ ನೀನಂದೆ. ನೋಡು ಈಗ. ಆ ಅಂಗೀನಾದ್ರೂ ಸರಿಯಾಗಿ ಕಟ್ಕೋಬಾರ್ದಾ, ಬೆನ್ನೆಲ್ಲ ಕಾಣ್ತಿದೆ, ಮಾನ ಇಲ್ದವ್ನ ಥರ. ಮೊಂಡ. ಇಂಥ ಮೊಂಡನ್ನ ನಾನು ಹುಟ್ಟಿದಾಗಿಂದ ಬೇರೆಲ್ಲೂ ಕಂಡಿಲ್ಲ..."

ಮಂಚ ತಳ್ಳಲು ಬಂದ ನರ್ಸು ಬೆಚ್ಚಿ ನಿಂತಳು. "ಏನಮ್ಮಾ ಇದು, ಆಪರೇಷನ್‌ಗೆ ಹೋಗೋ ಹಿರಿಯರನ್ನ ಹೀಗಾ ಬೈಯೋದು?"

"ನೀನು ಸುಮ್ನಿರು ತಾಯಿ, ಬೈಲಿ" ಎಂದ ಅಪ್ಪ. ಮುಖದ ಮೇಲೆ ಬಣ್ಣ ಬಂದಿತ್ತು. "ಸತ್ತವರನ್ನ ಯಾರೂ ಬೈಯಲ್ಲ."

ನರ್ಸು ಮಂಚ ತಳ್ಳಿದಳು. ನಾನು ಅದರ ಕಂಬಿ ಹಿಡಿದು, ಕಣ್ಣು ಮೂಗು ಒರೆಸಿಕೊಳ್ಳುತ್ತ, ಕಾರಿಡಾರಿನ ಉದ್ದಕ್ಕೂ ಅಮ್ಮನ ದನಿಯಲ್ಲಿ ಬೈದುಕೊಂಡು ಹೋದೆ. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ಬಾಗಿಲು ಹಾಕಿಕೊಂಡಾಗ ನಾನಿನ್ನೂ ಅವನು ಛತ್ರಿ ಕಳೆದ ವಿಷಯಕ್ಕೆ ಬಂದಿದ್ದೆನಷ್ಟೆ. ಕಾರಿಡಾರಿನಲ್ಲಿ ಕೂತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು.

ಮಧ್ಯಾಹ್ನ ವಾರ್ಡಿಗೆ ತಂದರು. ಬಾಯಿ ಒಣಗಿತ್ತು, ತುಟಿ ಬಿಳುಪೇರಿತ್ತು. ನಾನು ಹತ್ತಿಯಿಂದ ತುಟಿ ಒದ್ದೆ ಮಾಡುತ್ತಿದ್ದೆ. ಅಪ್ಪ ಅರ್ಧ ಕಣ್ಣು ಬಿಟ್ಟು ನನ್ನ ಗುರುತು ಹಿಡಿದ.

"ಎಲ್ಲಿಗೆ ನಿಲ್ಸಿದ್ದೆ?" ಎಂದ.